ಹಮಾಲರ ಓಣಿಯ ಜವಾಬಿ ಕಾರ್ಡು

ಧಾರವಾಡ
೧೧ ಜನವರಿ ೨೦೨೪

ಗಾಳೇಶಾ,

ಪ್ರತಿ ಸಂಕ್ರಮಣಕ್ಕ ಬರೂ ಜವಾಬಿ ಕಾರ್ಡಿನ ಜೋಡಿ ಈ ಸಲ ಇಷ್ಟುದ್ದ ಪತ್ರ ನೋಡಿ ಗಾಬರಿ ಆಗಬ್ಯಾಡ. ಅಕ್ಕೋರು ರಿಟೈರ್ ಆಗ್ಯಾರ, ಮನ್ಯಾಗ ಮಾತಾಡಾಕ ಯಾರೂ ಸಿಗವಲ್ರು ಅಂತ ತಿಳಿ.

ಕಾರ್ಡಿನ್ಯಾಗ ಅವೇ ಐದು ಪ್ರಶ್ನೆ ಅದಾವ. ಹೆಸರು, ವಯಸ್ಸು, ಕೆಲಸ, ಈ ವರ್ಷ ಪೊಲೀಸರು ಮನಿಗೆ ಬಂದಿದ್ದರೋ ಇಲ್ಲೋ, ಮತ್ತ ಹೇಳೂದೇನರ ಐತೋ. ಇಪ್ಪತ್ತಾರು ವರ್ಷದಾಗ ಐದನೇದನ್ನ ನೀ ಒಮ್ಮೆನೂ ತುಂಬಲಿಲ್ಲ ನೋಡು. ಉಳಿದ ನಾಲ್ಕಕ್ಕ ಮಾತ್ರ ತಪ್ಪದ ಜವಾಬು ಕೊಟ್ಟೀದಿ. ಮೂವತ್ತೆಂಟು ಹುಡುಗೂರೊಳಗ ಒಂದು ವರ್ಷನೂ ಬಿಡದ ಕಾರ್ಡ ಕಳಿಸಿದಾವ ನೀ ಒಬ್ಬನ.

ಮೊದಲ ದಿನ ನಿಮ್ಮ ಓಣಿಗೆ ಬಂದಾಗ ನಿಮ್ಮವ್ವ ಹುಲಗಮ್ಮ ನನ್ನ ಕೆಲಸ ಏನಂತ ಕೇಳಿದ್ಲು. ಯಾವ ಓಣಿಯ ಹುಡುಗೂರು ಯಾಕ ಕೆಡತಾರ, ಕೆಟ್ಟವರೊಳಗ ಯಾರು ಹೆಂಗ ಸುಧಾರಸತಾರ ಅಂತ ಹುಟ್ಟಿನಿಂದ ಮುಪ್ಪಿನತನಕ ನೋಡೂ ಕೆಲಸ ಅಂದೆ. ಆಕಿ ಒಂಚೂರೂ ನಗದ, ಇದಕ್ಕೂ ಪಗಾರ ಕೊಡತಾರೇನ್ರಿ ಅಂದ್ಲು. ಆ ಪಗಾರದಾಗ ನನ್ನ ಇಡೀ ಜನ್ಮ ಕಳೀತು ಗಾಳೇಶ.

ಈಗ ನಿಮ್ಮ ಓಣಿಯ ಮ್ಯಾಲ ಬರದ ನನ್ನ ಪುಸ್ತಕ ಮತ್ತ ಅಚ್ಚಾಗಲಿಕತ್ತೈತಿ. ಕೊನೀಗೆ ಒಂದು ಹೊಸಾ ಅಧ್ಯಾಯ ಬರಿಬೇಕಂತ ಮಾಡೀನಿ, ಅದು ನಿಂದು. ಓಣಿಯ ನಕ್ಷೆದಾಗ ನಾ ಕೆಂಪು ಚುಕ್ಕಿ ಇಟ್ಟಿದ್ದ ಒಂಬತ್ತು ಮನಿಯೊಳಗ ಎಂಟು ಮನಿ ಹುಡುಗೂರ ಮ್ಯಾಲ ಕೇಸ್ ಆದವು. ಒಂದ ಮನಿ ಹುಡುಗ ಉಳದ. ಹೆಂಗ ಉಳದ ಅಂತ ಎಲ್ಲಾರೂ ನನ್ನ ಕೇಳತಾರ. ನಿನ್ನ ಎದುರಿಗೆ ಕುಂತು ನಿನ್ನ ಬಾಯಿಂದನ ಕೇಳಬೇಕು. ಯಾವಾಗ ಬರಲಿ ಬರಿ.

ನಿನ್ನ
ಲಲಿತಾ ಅಕ್ಕೋರು

*

ಗಂಗಾವತಿ
೫ ಫೆಬ್ರುವರಿ ೨೦೨೪

ಅಕ್ಕೋರಿಗೆ ಗಾಳೇಶನ ನಮಸ್ಕಾರ್ರಿ.

ನಾ ಆರಾಮ ಅದೀನಿ. ಗಿಣಿಗೇರಾದ ಫ್ಯಾಕ್ಟರಿಯೊಳಗ ಕೆಲಸ ಐತಿ. ಪಾಳಿ ಕೆಲಸ್ರಿ, ರಜಾ ಸಿಗೂದಿಲ್ಲ. ಊರಿಗೆ ಬಂದ್ರ ಒಂದು ರಾತ್ರಿ ಇದ್ದು ಹೋಗತೀನಿ. ನೀವು ಇಷ್ಟು ದೂರ ತ್ರಾಸ ತಗೊಂಡು ಬರಬ್ಯಾಡ್ರಿ. ಬಂದ್ರೂ ನಾ ಸಿಗೂದಿಲ್ಲ.

ಪುಸ್ತಕದಾಗ ನನ್ನ ಸುದ್ದಿ ಬರಿಯೂ ಅಂಥಾದ್ದು ಏನೂ ಇಲ್ರಿ. ಬಿಡ್ರಿ.

ಕಾರ್ಡ ಬ್ಯಾರೆ ಪೋಸ್ಟಿಗೆ ಹಾಕೀನಿ.

ಗಾಳೇಶ

*

ಧಾರವಾಡ
೨ ಮಾರ್ಚ್ ೨೦೨೪

ಗಾಳೇಶಾ,

ಬರಬ್ಯಾಡ್ರಿ ಅಂದ್ರ ಸುಮ್ಮನಾಗೂ ಹೆಣ್ಣಮಗಳು ನಾ ಅಲ್ಲ. ಕುಷ್ಟಗಿ ಬಜಾರದಾಗ ಕಿರಾಣಿ ಅಂಗಡಿ ಇಟ್ಟವರ ಮನ್ಯಾಗ ಹುಟ್ಟೀನಿ. ಬಾಕಿ ಉಳದದ್ದು ತಗೊಂಡ ಹೋಗತೀವಿ ನಾವು.

ನಿನ್ನ ಕಾರ್ಡು ಬಂತು. ಅದನ್ನ ಹಳೇ ಕಟ್ಟಿಗೆ ಸೇರಸಾಕ ಹೋಗಿ ಎಲ್ಲಾವನ್ನೂ ಮೇಜಿನ ಮ್ಯಾಲ ಹರವಿ ಕುಂತೆ. ಮೊದಮೊದಲಿನವು ಕಾಗಿಕಾಲು ಗುಬ್ಬಿಕಾಲು. ಬರೇ "ಇಲ್ರಿ" ಅನ್ನೂದು ಬರಿಯಾಕ ಅರ್ಧಾ ಕಾರ್ಡ ಬೇಕಾಗತಿತ್ತು ನಿನಗ. ೨೦೧೪ರ ಕಾರ್ಡಿನಿಂದ ಅಕ್ಷರ ದುಂಡಗ ಆಗ್ಯಾವ, ಸಾಲಿ ಟೀಚರು ಬರದಂಗ. ಮದುವಿ ಆಗಿ ನನಗ ಹೇಳಿಲ್ಲೇನೋ? ಬರಿಯಾಕಿ ಯಾರು, ಹೆಂಡ್ತಿ ಏನು? ಆಕಿಗೂ ಒಂದು ಸೀರಿ ತರತೀನಿ.

ನೆನಪು ಐತೇನು, ನಿಮ್ಮ ಕಟ್ಟಿ ಮ್ಯಾಲ ಕುಂತು ಓಣಿಯ ನಕ್ಷೆ ಬರದದ್ದು. ಹುಲಗಮ್ಮ ಒಂದೊಂದ ಮನಿ ತೋರಿಸಿ ಅಲ್ಲಿ ಯಾರು ಇರತಾರ, ಯಾರ ಗಂಡ ಯಾವ ರೈಸ್ ಮಿಲ್ಲಿನ ಹಮಾಲ, ಯಾರ ಹುಡುಗ ಸಾಲಿ ಬಿಟ್ಟಾನ, ಎಲ್ಲಾ ಹೇಳತಿದ್ಲು. ನಿಮ್ಮ ಮನಿ ಮುಂದಿನ ಬೇವಿನ ಗಿಡ ಬಿಟ್ಟು ಬರದಿದ್ದೆ, ಗಿಡ ಎಲ್ಲಿ ಹೋತ್ರಿ ಅಂತ ಕೇಳಿ ಹಾಕಿಸಿದ್ಲು. ನಕ್ಕೋತ ನಿನ್ನ ಸುದ್ದೀನೂ ಹೇಳಿದ್ಲು. ಮಿಲ್ಲಿನ್ಯಾಗ ಒಡದ ಚೀಲದಾಗ ಕೈ ಹಾಕಿ ಅಂಗಿ ಕಿಸೆ ತುಂಬ ಅಕ್ಕಿ ತಂದಿದ್ದಿ ನೀ, ಅವ್ವಗ ಅಂತ. ನೀ ಬಾಗಲ ಹಿಂದ ನಿಂತು ನಾಚಿಕೊಳ್ಳತಿದ್ದಿ. ನಾ ಕಾಗದದಾಗ "ಕಳವು: ಹೌದು" ಅಂತ ಗುರುತು ಹಾಕಿ, ನಿನ್ನ ಕರದು ತಲಿ ಸವರಿ, ನೀ ಛಲೋ ಆಗತೀದಿ ಅಂದಿದ್ದೆ.

ಆದಿ ನೋಡು. ಅದಕ್ಕ ಬರಬೇಕು ನಾ. ೨೦೦೯ರಿಂದ ಓಣಿಗೆ ಕಾಲಿಟ್ಟಿಲ್ಲ, ಸಭೆ, ಸಮಾರಂಭ, ಪರದೇಶ ಅಂತ ತಿರುಗಿ ಬರೇ ಕಾರ್ಡಿನ ಮ್ಯಾಲ ದಿನಾ ದೂಡೀನಿ. ಏಪ್ರಿಲ್ ಹತ್ತಕ್ಕ ಬರತೀನಿ. ರಜಾ ಹಾಕು.

ಲಲಿತಾ ಅಕ್ಕೋರು

*

ಗಂಗಾವತಿ
೨೫ ಮಾರ್ಚ್ ೨೦೨೪

ಲಲಿತಾ ಅಕ್ಕೋರಿಗೆ,

ಈ ಪತ್ರ ಬರಿಯಾಕಿ ಗಾಳೇಶನ ತಂಗಿ ದ್ರಾಕ್ಷಾಯಿಣಿ. ನೀವು ನಕ್ಷೆ ಬರಿಯೂ ಮುಂದ ನಿಮ್ಮ ಪೆನ್ನು ಕಸಗೊಂಡು ಅತ್ತಾಕಿ ನಾನ. ಆಗ ನಾಲ್ಕು ವರ್ಷದಾಕಿ ಇದ್ದೆ. ಈಗ ಇದ ಓಣಿಯ ಅಂಗನವಾಡಿಯೊಳಗ ಟೀಚರು ಅದೀನಿ. ದುಂಡನ್ನ ಅಕ್ಷರ ನನ್ನವ್ರಿ.

ಅಣ್ಣ ಇಲ್ರಿ. ೨೦೧೩ರ ಆಗಸ್ಟಿನ್ಯಾಗ ಹೋದ. ಅವಂಗ ಇಪ್ಪತ್ತೇಳು.

ಆ ಮರುವರ್ಷ ಸಂಕ್ರಮಣಕ್ಕ ನಿಮ್ಮ ಕಾರ್ಡ ಬಂತು. ಪೋಸ್ಟಿನ ನಜೀಬಣ್ಣ ಹೊಸಬ, ಅವಂಗ ಗೊತ್ತಿರಲಿಲ್ಲ. ಬಾಗಲಿಗೆ ನಿಂತು "ಗಾಳೇಶ, ಕಾರ್ಡ ಐತಿ" ಅಂತ ಕೂಗಿದ. ಅವ್ವ ಒಲಿ ಮುಂದಿಂದ ಎದ್ದು ಓಡಿ ಬಂದ್ಲು. ಸತ್ತಾನ ಅಂತ ಬರದು ಕಳಸೂಣು ಅಂದೆ ನಾ. ಆಕಿ ಕಾರ್ಡ ಎದಿಗೆ ಹಿಡಕೊಂಡು, "ಹಂಗ ಬರದ್ರ ಬರೂದು ನಿಂತು ಹೋಗತೈತವ್ವಾ, ವರ್ಷಕ್ಕ ಒಮ್ಮಿ ಅವನ ಹೆಸರ ಕೂಗವ್ರು ಇರಲಿ" ಅಂದ್ಲು. ಅವನ ಹೆಸರ ಹಿಡದು ನಮ್ಮ ಬಾಗಲಿಗೆ ಬಂದವರು ಅಂದ್ರ ಪೊಲೀಸರು ಇಲ್ಲಾ ನಿಮ್ಮ ಕಾರ್ಡು, ಅವೆರಡ ನೋಡ್ರಿ. ಹಂಗಾಗಿ ಆಕಿ ಹೇಳಿದಂಗ ನಾ ಬರಕೋತ ಬಂದೆ. ವಯಸ್ಸು ಒಂದೊಂದು ಹೆಚ್ಚು ಮಾಡಿಸಿದ್ಲು. ಒಂದು ವರ್ಷ ಕೆಲಸಕ್ಕ ಹಚ್ಚಿಸಿದ್ಲು, ಮರುವರ್ಷ ಪಗಾರ ಹೆಚ್ಚಾಗೈತಿ ಅಂತ ಬರಿ ಅಂದ್ಲು. ಮದುವಿ ಮಾಡಸೂ ಮನಸ್ಸೂ ಇತ್ತು ಆಕಿಗೆ, ನಾ ಬ್ಯಾಡ ಅಂದೆ.

ನಿಮ್ಮ ಲೆಕ್ಕ ತಪ್ಪಸೀವಿ. ಅದಕ್ಕ ಮಾಫಿ ಇರಲಿ.

ಮೊದಲಿನ ಕಾರ್ಡಿನ್ಯಾಗ ಅವನ ಕೈಯಾರೆ ಬರದ "ಇಲ್ರಿ" ಸೈತ ಸುಳ್ಳ ಅಕ್ಕೋರ. ಪೊಲೀಸರು ಬರತಿದ್ರು. ಹೊಲದಾಗಿನ ಮೋಟರ ಕಳುವಾಗಲಿ, ಬಸ್‌ಸ್ಟ್ಯಾಂಡಿನ್ಯಾಗ ಸೈಕಲ್ ಹೋಗಲಿ, ಮೊದಲ ನಮ್ಮ ಬಾಗಲಾ. ಎರಡು ದಿನ ಇಟಗೊಂಡು ಬಿಡತಿದ್ರು. ಕೇಸ್ ಆಗಲಿಲ್ಲ, ಯಾಕಂದ್ರ ಅವ ಏನೂ ಮಾಡಿರಲಿಲ್ಲ. ಗಿಣಿಗೇರಾದ ಫ್ಯಾಕ್ಟರಿಯೊಳಗ ಕೆಲಸ ಸಿಕ್ಕಿದ್ದು ಖರೇ, ಒಂಬತ್ತು ತಿಂಗಳ ಮಾಡ್ಯಾನ. ಠಾಣೇದವರು ಅಲ್ಲೀತನಕ ಹೋಗಿ ವಿಚಾರಿಸಿದ ಮ್ಯಾಲ ಗೇಟಿನ ಒಳಗ ಬಿಡಲಿಲ್ಲ. ನಿಮಗ ಯಾಕ ಬರಿಯೂದಿಲ್ಲ ಅಂತ ಕೇಳಿದ್ದೆ ನಾ. ಛಲೋ ಆಗತೀದಿ ಅಂದಾರ ಅಕ್ಕೋರು, ಅವರ ಮುಂದ ಹೆಂಗ ಹೇಳಲಿ ಅಂದ.

ಆಮ್ಯಾಲ ಖಾಕಿ ಕಂಡ್ರ ಸಾಕು, ಹಿತ್ತಲ ಬಾಗಲದಿಂದ ಓಡತಿದ್ದ. ಹಿತ್ತಲ ದಾಟಿದ್ರ ಕಾಲುವಿ. ನೀರು ಕಡಿಮಿ ಇದ್ದಾಗ ದಾಟಿ ಆಚಿ ಗದ್ದಿಯೊಳಗ ಕುಂತು ಹೊತ್ತ ಮುಳುಗಿದ ಮ್ಯಾಲ ಬರತಿದ್ದ. ಆವತ್ತು, ಅವ ಹೋದ ದಿನ, ಬಂದ ಪೇದೆ ಅವಂಗ ಅಂತ ಬಂದಿರಲಿಲ್ರಿ. ಗಣಪತಿ ಹಬ್ಬದ ಶಾಂತಿ ಸಭೆಗೆ ಬರ್ರಿ ಅಂತ ನಮ್ಮ ಬಾಜೂಮನಿ ಅಬ್ದುಲಸಾಬರಿಗೆ ಹೇಳಾಕ ಬಂದಿದ್ದ. ಮನಿ ಗುರುತು ಸಿಗದ ನಮ್ಮ ಬಾಗಲ ಬಡದ. ಅಣ್ಣ ಊಟಕ್ಕ ಕುಂತಿದ್ದ, ತಾಟು ಬಿಟ್ಟು ಎದ್ದು ಓಡಿದ. ಕಾಲುವಿ ತುಂಬಿ ಹರಿಯಾಕ ಹತ್ತಿತ್ತು.

ಏಪ್ರಿಲ್ ಹತ್ತಕ್ಕ ಬರಬ್ಯಾಡ್ರಿ. ಅವ್ವ ನಿಮಗ ಸುಳ್ಳ ಹೇಳಾಕ ಆಗದ, ಖರೇ ಹೇಳಾಕ ಆಗದ ಒದ್ದಾಡತಾಳ.

ಇನ್ನೊಂದು ಮಾತು. ನಮ್ಮ ಮನೀಗೇ ಯಾಕ ಬರತಿದ್ರು ಅಂತ ನನಗ ಗೊತ್ತೈತಿ. ನಿಮ್ಮ ನಕ್ಷೆ ಠಾಣೆಯೊಳಗ ಐತಿ.

ದ್ರಾಕ್ಷಾಯಿಣಿ

*

ಧಾರವಾಡ
೨೪ ಜೂನ್ ೨೦೨೪

ದ್ರಾಕ್ಷಾಯಿಣಿ,

ಮೂರು ತಿಂಗಳು ನಿನಗ ಬರಿಯಾಕ ಆಗಲಿಲ್ಲ. ಮೂರು ಸಲ ಬರದು ಹರದೆ. ಇದನ್ನ ಹರಿಯೂದಿಲ್ಲ ಅಂತ ಗಟ್ಟಿ ಮಾಡಿ ಕುಂತೀನಿ.

ಆ ನಕ್ಷೆ ನಾ ಯಾರಿಗೂ ಕದ್ದು ಮುಚ್ಚಿ ಕೊಟ್ಟಿದ್ದಲ್ಲ. ಓಣಿಯೊಳಗ ಅಡ್ಡಾಡಾಕ ಪರವಾನಗಿ ಕೊಟ್ಟ ಠಾಣೆಯ ಫೌಜದಾರರು ಕೆಲಸ ಮುಗದ ಮ್ಯಾಲ ಒಂದು ಪ್ರತಿ ಕೇಳಿದ್ರು. ಉಪಕಾರ ಮಾಡಿದವರಿಗೆ ಬರಿಗೈಲೆ ನಮಸ್ಕಾರ ಹೇಳಬಾರದು ಅಂತ ಗಾಜಿನ ಕಟ್ಟು ಹಾಕಿಸಿ, ಹಾರದ ಜೋಡಿ ಕೊಟ್ಟು ಬಂದೆ. ನಮ್ಮ ಕಡೆ ರೂಢಿ ಅದು. ಮಂದಿಯ ಹೆಸರು ಒಂದೂ ಇರಬಾರದಂತ ನೋಡಿಕೊಂಡಿದ್ದೆ. ಕೆಂಪು ಅಂದ್ರ ಕಳ್ಳರ ಮನಿ ಅಂತ ನಾ ಎಲ್ಲೂ ಬರದಿಲ್ಲ. ಸಣ್ಣ ಹುಡುಗ ಏನೋ ಸಣ್ಣ ತಪ್ಪು ಮಾಡ್ಯಾನ ಅಂತ ಮನಿಯವರ ಹೇಳಿದ ಮನಿ ಅಂತ ಅಷ್ಟ. ಅವರು ಅದನ್ನ ಹೆಂಗ ಓದಿದ್ರೋ ಅದು ನನ್ನ ಕೈಯಾಗಿಲ್ಲ.

ಮತ್ತ ಉಳಿದ ಎಂಟು ಮನಿ ಹುಡುಗೂರ ಮ್ಯಾಲ ಕೇಸ್ ಆದವಲ್ಲ, ಅವು ಸುಳ್ಳೇನು? ಅವರೊಳಗಿನ ದುರಗಪ್ಪನ ಕೂಡ ಜೇಲಿನ್ಯಾಗ ಕುಂತು ನಾನ ಮಾತಾಡೀನಿ.

ನಿಮ್ಮವ್ವಗ ನನ್ನ ನಮಸ್ಕಾರ ಹೇಳು. ಬ್ಯಾಡ, ಹೇಳಬ್ಯಾಡ ಬಿಡು.

ಲಲಿತಾ

*

ಗಂಗಾವತಿ
೮ ಜುಲೈ ೨೦೨೪

ಅಕ್ಕೋರ,

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಟ್ಟು ಬಂತು. ಅಂಗನವಾಡಿ ಹುಡುಗೂರ ಮ್ಯಾಲ ಒದರೂದಾಗತೈತಿ ಅಂತ ಒಂದು ವಾರ ಬಿಟ್ಟು ಬರಿಯಾಕತ್ತೀನಿ.

ದುರಗಪ್ಪನ ಮ್ಯಾಲ ಕೇಸ್ ಆಗ್ಯಾವು, ಖರೇ. ಮೊದಲನೇ ಸಲ ಒಯ್ದಾಗ ಅವಂಗ ಹದಿನೈದು, ಏನೂ ಮಾಡಿರಲಿಲ್ಲ. ನಾಲ್ಕನೇ ಸಲ ಒಯ್ದು ಬಿಟ್ಟ ಮ್ಯಾಲ ಮಾಡಿದ. ಉಳಿದ ಮನಿಗೆ ನೀವು ಹಸಿರು ಚುಕ್ಕಿ ಇಟ್ಟೀರಲ್ಲ, ಅಲ್ಲಿ ಕಳ್ಳರು ಇರಲಿಲ್ಲೇನ್ರಿ? ಇದ್ರು. ಅಲ್ಲಿ ಯಾರೂ ಬಾಗಲ ಬಡೀಲಿಲ್ಲ. ಒಂಬತ್ತು ಮನಿ ದಿನಾ ಹುಡುಕಿದ್ರ ಕಳ್ಳರು ಆ ಒಂಬತ್ತು ಮನಿಯೊಳಗ ಸಿಗತಾರ. ಆ ಸಿಕ್ಕವರನ್ನ ನೀವು ಎಣಿಸಿ ಪುಸ್ತಕ ಬರದೀರಿ. ನಾ ಬಿ.ಎ. ಬಾಹ್ಯ ಮಾಡೀನಿ, ನಿಮ್ಮಷ್ಟು ಕಲತಿಲ್ಲ. ಇದು ನನಗ ತಿಳೀತೈತಿ, ನಿಮಗ ಯಾಕ ತಿಳೀಲಿಲ್ಲ?

ನಕ್ಷೆ ನಾ ನೋಡಿದ್ದು ೨೦೦೫ರಾಗ. ಅಣ್ಣನ್ನ ಒಯ್ದಿದ್ರು, ಅವ್ವನ ಕೂಡ ಬುತ್ತಿ ತಗೊಂಡು ಹೋಗಿದ್ದೆ. ಫೌಜದಾರರ ಕುರ್ಚಿ ಹಿಂದಿನ ಗ್ವಾಡಿ ಮ್ಯಾಲ ಹಾಕಿದ್ರು. ಬೇವಿನ ಗಿಡ ನೋಡಿ ಅವ್ವನ ಮೊದಲ ಗುರುತು ಹಿಡದ್ಲು. ಅಲ್ಲಿ ನಿಂತು, ಮಗ ಒಳಗಿದ್ದಾಗ, "ನೋಡಬೇ, ಅಕ್ಕೋರು ನಮ್ಮ ಮನಿ ಎಷ್ಟು ಚಂದ ಬಿಡಿಸ್ಯಾರ, ಕುಂಕುಮ ಸೈತ ಇಟ್ಟಾರ" ಅಂದ್ಲು. ಆ ಕೆಂಪು ಏನು ಅಂತ ನಾ ಇವತ್ತಿಗೂ ಆಕಿಗೆ ಹೇಳಿಲ್ಲ. ಕಿಸೆ ಅಕ್ಕಿ ಸುದ್ದಿ ನಿಮ್ಮ ಮುಂದ ಹೇಳಿದಾಕಿ ಆಕಿನ ಅಲ್ಲೇನ್ರಿ? ತಿಳದ್ರ ಉಳಿಯೂದಿಲ್ಲ.

ನನಗ ನಿಮ್ಮಿಂದ ಆಗಬೇಕಾದ್ದು ಒಂದ. ಆ ಒಂಬತ್ತು ಮನಿಯೊಳಗ ಈಗ ಹಳಬರು ಉಳದವರು ಮೂರ ಮನಿ. ದುರಗಪ್ಪನ ಮನಿಯೊಳಗ ಹೋದ ವರ್ಷ ಯಲಬುರ್ಗಾ ಕಡೆಯವರು ಬಾಡಿಗಿಗೆ ಬಂದಾರ. ಅವರ ಮಗ ವಿರುಪಾಕ್ಷಿ ಹತ್ತನೇ ಇಯತ್ತೆ ಓದತಾನ. ಮೇ ತಿಂಗಳಾಗ ಯಾರದೋ ಬೈಕ್ ಹೋತು, ಆ ಹುಡುಗನ್ನ ಒಯ್ದಿದ್ರು. ಆ ಮನಿಗೆ ಬಂದು ಇನ್ನಾ ಎಂಟು ತಿಂಗಳಾಗಿರಲಿಲ್ಲ. ಮೊನ್ನೆ ಪೊಲೀಸ್ ಜೀಪು ಸುಮ್ಮನ ಓಣಿ ಮುಂದ ಹಾದು ಹೋತ್ರಿ. ಆ ಹುಡುಗ ನಮ್ಮ ಹಿತ್ತಲದಾಗ ಹಾದು ಕಾಲುವಿ ಕಡೆ ಓಡಿದ್ದು ನಾ ಕಣ್ಣಾರೆ ನೋಡಿದೆ. ಹೋಗಿ ಕೈ ಹಿಡದು ಕರಕೊಂಡು ಬಂದೆ.

ಕಾಲುವಿಗೆ ನೀರು ಬಿಡೂ ದಿನ ಹತ್ರ ಬಂತು. ಬಂದು ಆ ನಕ್ಷೆ ತಗಿಸ್ರಿ. ನೀವು ಇಟ್ಟದ್ದು, ನೀವ ತಗೀಬೇಕು.

ದ್ರಾಕ್ಷಾಯಿಣಿ

*

ಧಾರವಾಡ
೨ ಆಗಸ್ಟ್ ೨೦೨೪

ದ್ರಾಕ್ಷಾಯಿಣಿ,

ನಿನ್ನ ಪತ್ರ ಮುಟ್ಟಿದ ದಿನ ಹಳೇ ಕಾಗದಪತ್ರ ಎಲ್ಲಾ ತಗದೆ. ಕೇಸ್ ಆದ ಎಂಟೂ ಹುಡುಗೂರನ್ನ ಮೊದಲ ಸಲ ಒಯ್ದ ತಾರೀಖು ಹಚ್ಚಿ ನೋಡಿದೆ. ಒಂದೂ ನಾ ನಕ್ಷೆ ಕೊಟ್ಟದ್ದಕ್ಕಿಂತ ಹಿಂದಿಂದಲ್ಲ. ಇಷ್ಟು ವರ್ಷ ಆ ತಾರೀಖುಗಳು ನನ್ನ ಮನ್ಯಾಗ ಇದ್ದವು. ನೋಡಲಿಲ್ಲ. ನೋಡಬೇಕು ಅಂತ ಅನಸಲಿಲ್ಲ.

ಸೋಮವಾರ ಗಂಗಾವತಿಗೆ ಬಂದಿದ್ದೆ. ಠಾಣೆಯ ಫೌಜದಾರ ಹೊಸಾ ಹುಡುಗ, ನನ್ನ ಹೆಸರು ಕೇಳಿ ಎದ್ದು ನಿಂತ. ತರಬೇತಿಯೊಳಗ ನನ್ನ ಪುಸ್ತಕ ಓದ್ಯಾನಂತ. ಚಾ ತರಿಸಿ, ಅಭಿಮಾನದಿಂದ ಗ್ವಾಡಿ ತೋರಿಸಿದ. ಕಟ್ಟು ನಾ ಹಾಕಿಸಿದ್ದ, ಗಾಜು ಮಾತ್ರ ಬ್ಯಾರೆ. ಹಸಿರೆಲ್ಲಾ ಮಾಸಿ ಹೋಗಿತ್ತು. ಕೆಂಪು ಮಾಸಿರಲಿಲ್ಲ. ಮಾಸಿದಾಗೆಲ್ಲ ಯಾರೋ ಮತ್ತ ಮತ್ತ ತಿದ್ದ್ಯಾರ, ನಾ ಇಟ್ಟದ್ದಕ್ಕಿಂತ ದೊಡ್ಡವಾಗಿದ್ದವು. ನಿಮ್ಮ ಬೇವಿನ ಗಿಡ ಅರ್ಧಾ ಮುಚ್ಚಿ ಹೋಗೈತಿ.

ಇದನ್ನ ವಾಪಸ್ ಕೊಡ್ರಿ ಅಂದೆ. ಅವ ಒಂದು ಮಾತೂ ಎದುರಾಡದ ಇಳಿಸಿ ಕೊಟ್ಟ. "ಒಯ್ಯಿರಿ ಮೇಡಂ, ನಮಗ ಇದು ಬೇಕಾಗಿಲ್ಲ, ಎಲ್ಲಾ ಕಂಪ್ಯೂಟರಿಗೆ ಏರಿಸೀವಿ" ಅಂದ.

ನಕ್ಷೆ ತೊಡಿ ಮ್ಯಾಲ ಇಟಗೊಂಡೆ. ಆಮ್ಯಾಲ ಅಲ್ಲೇ ಕಾಗದ ಕೇಳಿ ಬರದೆ. ಈ ಗುರುತುಗಳಿಗೆ ಆಧಾರ ಇಲ್ಲ, ಹನ್ನೊಂದು ವರ್ಷದ ಮಕ್ಕಳು, ಅವರ ಅವ್ವಂದಿರು ನನ್ನನ್ನ ನಂಬಿ ಹೇಳಿದ ಸಣ್ಣ ಮಾತಿನ ಮ್ಯಾಲ ನಾ ಇಟ್ಟವು, ಕೊಟ್ಟದ್ದು ನನ್ನ ತಪ್ಪು, ಇದನ್ನ ನೋಡಿ ಹಿಡದವರನ್ನ ಎಣಿಸಿ ಬರದ ನನ್ನ ಪುಸ್ತಕಾನೂ ತಪ್ಪು ಅಂತ. ಸಹಿ ಮಾಡಿದೆ. ಓದಿ ಆ ಹುಡುಗ, ಮೇಡಂ ಇದು ಹೊರಗ ಬಂದ್ರ ನಿಮ್ಮ ಪುಸ್ತಕ ಯಾರೂ ಓದೂದಿಲ್ಲ ಅಂದ. ಓದೂದು ಬ್ಯಾಡ ಅಂದೆ. ಇದನ್ನ ಜಿಲ್ಲೆಯ ಮ್ಯಾಲಧಿಕಾರಿಗೂ ಕಳಿಸೀನಿ, ಅಚ್ಚಿನವರಿಗೂ ಕಳಿಸೀನಿ. ಅಚ್ಚು ನಿಂತೈತಿ. ನನ್ನ ಕೈ ಕೆಳಗ ಕಲತವರು ಫೋನ್ ಮಾಡಿ, ಇಡೀ ಜೀವಮಾನದ ಕೆಲಸ ನೀವ ಯಾಕ ಕೆಡಿಸಿಕೊಳ್ಳತೀರಿ ಅಂತ ಬುದ್ಧಿ ಹೇಳತಾರ. ಕಂಪ್ಯೂಟರಿನಿಂದ ತಗಿಯೂತನಕ ತಿಂಗಳಿಗೊಮ್ಮೆ ಹೋಗಿ ಆ ಠಾಣೆಯೊಳಗ ಕುಂದರತೀನಿ. ರಿಟೈರ್ ಆದಾಕಿಗೆ ಬ್ಯಾರೆ ಏನು ಕೆಲಸ ಐತಿ.

ಓಣಿ ಬಾಯಿತನಕ ಬಂದಿದ್ದೆ. ಹುಲಗಮ್ಮ ಕಟ್ಟಿ ಮ್ಯಾಲ ಕುಂತು ಮೊರದಾಗ ಅಕ್ಕಿ ಹಸನ ಮಾಡತಿದ್ಲು. ಕೂದಲೆಲ್ಲಾ ಬೆಳ್ಳಗಾಗ್ಯಾವ. ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದೆ. ಆಕಿ ಕಟ್ಟಿ ಮ್ಯಾಲ ಕುಂತು, ಆಕಿ ಕೊಟ್ಟ ಚಾ ಕುಡದು, ಆಕಿ ಮಗನ್ನ ನಾ ಗುರುತು ಮಾಡಿ ಕೊಟ್ಟು ಬಂದೆನಲ್ಲ. ಅದನ್ನ ಯಾವ ಮಾರಿಲೆ ಹೇಳಲಿ.

ಸಂಕ್ರಮಣಕ್ಕ ಕಾರ್ಡ ಕಳಸತೀನಿ. ಗಾಳೇಶನ ಹೆಸರಿಗೇ. ಏನು ತುಂಬಬೇಕು ಅನ್ನೂದು ನಿಮಗ ಬಿಟ್ಟದ್ದು.

ಲಲಿತಾ

*

(ಜವಾಬಿ ಕಾರ್ಡು, ಸಣ್ಣ ದುಂಡನ್ನ ಅಕ್ಷರ)

ಗಂಗಾವತಿ
೧೮ ಜನವರಿ ೨೦೨೫

ಹೆಸರು: ಗಾಳೇಶ, ಹುಲಗಮ್ಮನ ಮಗ.

ವಯಸ್ಸು: ಇಪ್ಪತ್ತೇಳು. ಇನ್ನ ಮ್ಯಾಲ ಹೆಚ್ಚು ಮಾಡೂದಿಲ್ರಿ. ಅವ್ವ ಒಪ್ಪಿಕೊಂಡಾಳ.

ಕೆಲಸ: ಇಲ್ಲ.

ಈ ವರ್ಷ ಪೊಲೀಸರು ಮನಿಗೆ ಬಂದಿದ್ದರೇ: ಬಂದಿದ್ರು. ಡಿಸೆಂಬರಿನ್ಯಾಗ ಒಬ್ಬ ಪೇದೆ ಬಂದ. ಒಂಬತ್ತು ಮನಿ ಗುರುತು ಕಂಪ್ಯೂಟರಿನಿಂದ ತಗದೀವಿ ಅಂತ ಹೇಳಿ ಒಂದೊಂದ ಮನಿಯೊಳಗ ಸಹಿ ತಗೊಂಡ. ವಿರುಪಾಕ್ಷಿ ಮನಿಯೊಳಗೂ ತಗೊಂಡ. ಹುಡುಗ ಪರೀಕ್ಷೆಗೆ ಓದಾಕತ್ತಾನ.

ಹೇಳಬೇಕಾದ್ದು ಏನಾದರೂ ಇದೆಯೇ: ಐತ್ರಿ. ಆವತ್ತು ಅವ್ವ ಕಟ್ಟಿ ಮ್ಯಾಲ ಇದ್ಲು. ಪೇದೆ ಓಣಿಯೊಳಗ ಬರೂದು ನನಗಿಂತ ಮೊದಲ ನೋಡಿದ್ಲು. ಮಣಕಾಲು ನೋವಿನಾಕಿ, ಅಕ್ಕಿ ಮೊರ ಕೆಳಗ ಬಿಟ್ಟು ಎದ್ದು ಒಳಗ ಓಡಿದ್ಲು. ಹೆದರಿಕೊಂಡ್ಲು ಅಂತ ನಾ ಹಿಂದಿಂದ ಹೋದೆ. ಹಿತ್ತಲ ಬಾಗಲಾ ಹಾಕಿ, ಚಿಲಕಾ ಬಿಗದು, ಬಾಗಲಿಗೆ ಬೆನ್ನ ಕೊಟ್ಟು ನಿಂತಿದ್ಲು.

ದ್ರಾಕ್ಷಾಯಿಣಿ